ಹದಿನಾಲ್ಕನೇ ಕುರ್ಚಿ

ಆ ಅನ್ನಿ ಟೀಚರ್.
ಅಂಗುಳ ಎಲ್ಲಿ ನಡುಗುತ್ತದೋ ಅಲ್ಲಿ
ನೇರಳೆ ಪೆನ್ಸಿಲಿನ ಗೆರೆ ಎಳೆಯಬೇಕು,
ಹೊಸ ಹಲ್ಲಿನ ಸೆಟ್ಟು ಆ ಗೆರೆಗೆ ಬಂದು ಕೂರುತ್ತದೆ.

ಆ ಅಂದರು ಎಮಿಲ್ದಾ ರೆಬೆಲ್ಲೊ.
ಹತ್ತಿಯುಂಡೆ ಹಿಡಿದಿದ್ದ ನನ್ನ ಕೈ
ಏಳನೇ ತರಗತಿಯ ಡೆಸ್ಕಿನ ಮೇಲೆ
ಬೆರಳು ಮಡಚಿ ಕೂತಿತು.

ಬೊಕ್ಕಪಟ್ಣದ ಶಾಲೆ. ಬೆಂಗ್ರೆಯಿಂದ ನಾವು ಹನ್ನೊಂದು ಮಕ್ಕಳು.
ಎಂಟೂಕಾಲರ ದೋಣಿ ತಪ್ಪಿದರೆ
ಮೊದಲ ಪಿರಿಯಡ್ ನೀರಲ್ಲಿ.
ಟೀಚರಿಗೆ ಅದು ಗೊತ್ತಿತ್ತು. ಅದಕ್ಕೇ ಹೇಳುತ್ತಿದ್ದರು:
ನಿಮ್ಮ ಏ ದಕ್ಕೆಗೆ ಕಟ್ಟಿದ ದೋಣಿ,
ಇದ್ದಲ್ಲೇ ಕುಲುಕುತ್ತದೆ.
ಇಂಗ್ಲಿಷಿನದ್ದು ಹಗ್ಗ ಬಿಚ್ಚಿದ್ದು,
ಏ ಅಂತ ಹೊರಟು ಇ ಅಂತ ತಲುಪಬೇಕು.
ಓ ಹೊರಟರೆ ತುಟಿ ಸಣ್ಣಗಾಗುತ್ತ ಉ.
ಐ ಅಂತೂ ಬಂದರಿನಿಂದ ಸೀದಾ ಬೆಂಗ್ರೆಗೆ,
ಈಚೆ ದಡದಲ್ಲಿ ಬಾಯಿ ಪೂರ್ತಿ ತೆರೆದು,
ಆಚೆ ದಡದಲ್ಲಿ ಹಲ್ಲು ಕಿರಿದು.
ಈ ಒಂದಕ್ಕೆ ಅಷ್ಟು ಪ್ರಯಾಣವಿಲ್ಲ.
ನಾಲಗೆ ಮುಂದೆ, ಎತ್ತರಕ್ಕೆ, ತುಟಿ ಎರಡೂ ಕಿವಿಯ ಕಡೆಗೆ.
"ತಿಲಕ, ಅದು ನಗು. ನಾನು ಕೇಳಿದ್ದು ಸ್ವರ."

ಹೇಳುವುದು ಹೇಗೋ ಆಗುತ್ತಿತ್ತು. ಬರೆಯುವುದಿದೆಯಲ್ಲ.
ನಮ್ಮಲ್ಲಿ ಗುಡಿಸಿಗೊಂದು ದೀರ್ಘ, ಕೊಂಬಿಗೊಂದು ಇಳಿ,
ಎಳೆದಷ್ಟೇ ಬರೆದದ್ದು, ಬರೆದಷ್ಟೇ ಎಳೆದದ್ದು.
ಅಲ್ಲಿ ನಮ್ಮ ದೊಡ್ಡಮ್ಮನ ವ್ಯಾಪಾರ,
ಅದೇ ಬಂಗುಡೆ, ಗಿರಾಕಿಯ ಮುಖ ನೋಡಿ ರೇಟು.
ಕುರಿಯ ಶೀಪಿಗೆ ಎರಡು ಇ,
ಕಡಲಿನ ಸೀಗೆ ಇ ಮತ್ತು ಎ,
ಫೀಲ್ಡಿಗೆ ಐ ಮೊದಲು, ಕೀಗೆ ಕೊನೆಯಲ್ಲಿ ವೈ,
ಪೀಪಲ್ ನಡುವೆ ಕೆಲಸವಿಲ್ಲದ ಒಬ್ಬ ಓ
ಎಲ್ಲ ಮದುವೆಯಲ್ಲೂ ಇರುವ ಹಾಗೆ.

ಒಂದು ದಿನ ಬೋರ್ಡಿನಲ್ಲಿ ಕಿಟ್ ಅಂತ ಬರೆದು
ಕೊನೆಗೊಂದು ಇ ಅಂಟಿಸಿದರು.
ಕಿಟ್ ಕೈಟ್ ಆಯಿತು. ಗಾಳಿಪಟ.
ಬಾಲ ಸದ್ದು ಮಾಡುವುದಿಲ್ಲ ಮಕ್ಕಳೇ,
ಬಾಲವಿಲ್ಲದೆ ಪಟ ಏಳುವುದೂ ಇಲ್ಲ.
ಮತ್ತೆ ಗಿವ್? ಅಂತ ನಾನು ಎದ್ದು ನಿಂತೆ.
ಅದಕ್ಕೂ ಬಾಲ ಇದೆಯಲ್ಲ ಟೀಚರ್, ಏಳಲಿಲ್ಲ?
ಚಾಕ್‌ಪೀಸು ನೋಡಿದರು, ಕಿಟಕಿ ನೋಡಿದರು.
"ಗಾಳಿ ಇಲ್ಲದ ದಿನ ಅಂತ ತಿಳಿ."

ಇವತ್ತು ಅವರ ಬಾಯಲ್ಲಿ ಒಂದೂ ಹಲ್ಲಿಲ್ಲ.
ತ ಜಾರುತ್ತದೆ. ಸ ಬರೀ ಗಾಳಿ.
ಫ ಕೂರಲು ಜಾಗ ಹುಡುಕಿ ತುಟಿ ಒದ್ದೆ ಮಾಡಿ ಹೋಗುತ್ತದೆ.
ಕೇಸ್ ಶೀಟಿಗೆ ವಿಳಾಸ ಹೇಳಿದ್ದು ಸೊಸೆ.
ಬೊಕ್ಕು ಬಾಯಿ, ಬೊಕ್ಕಪಟ್ಣ, ಅಂತ ತಾವೇ ನಕ್ಕರು,
ಅದೂ ನನಗೆ ಎರಡನೇ ಸಲಕ್ಕೆ ಅರ್ಥವಾಯಿತು.

ಆದರೆ ಬಿಸಿ ಮೇಣದ ಅಚ್ಚು ಇಟ್ಟು
ಈ ಅನ್ನಿ, ಅಂದೆ. ಊ ಅನ್ನಿ, ಅಂದೆ.
ಕೆನ್ನೆ ಹಿಂದೆ ಸರಿಯಿತು, ಕೆನ್ನೆ ಮುಂದೆ ಬಂತು,
ಮೇಣದ ಅಂಚು ಸ್ವರದ ಆಕಾರ ಹಿಡಿಯಿತು.
ಒಂದು ಮಾತ್ರೆಯೂ ಸವೆದಿರಲಿಲ್ಲ.
ಸ್ವರಕ್ಕೆ ಹಲ್ಲು ಬೇಡ.
ಪಠ್ಯಪುಸ್ತಕದಲ್ಲಿ ಇದ್ದಿರಬಹುದು. ನಾನು ಓದಿದ್ದು
ಈ ಬಾಯಲ್ಲಿ.

ಆಮೇಲೆ ನನ್ನ ಬಿಳಿ ಕೋಟಿನ ಬ್ಯಾಡ್ಜು ಹತ್ತಿರಕ್ಕೆ ಎಳೆದರು.
ಇಂಗ್ಲಿಷಿನಲ್ಲಿ ನನ್ನ ಹೆಸರಿಗೆ ಮೂರು ಎ,
ಮೂರೂ ಒಂದೇ ಎತ್ತರ. ಯಾವುದು ಉದ್ದ, ಗುರುತಿಲ್ಲ.
ಜಲ್ಜಕ್ಷಿ. ಜಾಲಾಜಕ್ಷಿ. ಜಲಜಕ್ಷೀ.
ಐದು ವರ್ಷದಿಂದ ಎಲ್ಲದಕ್ಕೂ ಓ ಅಂದಿದ್ದೇನೆ.

ಟೀಚರ್ ಓದಿದರು.
ಜ ಒದ್ದೆ. ಲ ಎಲ್ಲೋ ಬಿತ್ತು. ಕ್ಷಿ ಬರೀ ಉಸಿರು.
ನಡುವೆ ಆ,
ಎರಡು ಮಾತ್ರೆ, ಸರಿಯಾಗಿ ಎರಡೇ.

"ಬೆಂಗ್ರೆಯ ಜಲಜಾಕ್ಷಿಯಾ?
ದೋಣಿ ಸಿಕ್ಕಿತಾ ಇವತ್ತು?"

ಸಿಕ್ಕಿತು ಟೀಚರ್, ಅಂದೆ.
ಸ್ಕೂಟರಿನಲ್ಲಿ ಕೂಳೂರು ಸುತ್ತಿ ಬಂದಿದ್ದೆ.